ಸುಹೈಲಾಳ ಕೈಯಲ್ಲಿ ದೋಷವಿರಲಿಲ್ಲ

ಮದುವೆಯ ಸೀಸನ್ ಬಂತೆಂದರೆ ಇಮ್ತಿಯಾಝ್‌ಗೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಫಳ್ನೀರಿನ ಅವನ ಅಂಗಡಿಯಿಂದ ಬಿರಿಯಾನಿ ಬೇಯಿಸುವ ದೊಡ್ಡ ಪಾತ್ರೆ, ತಟ್ಟೆ, ಕುರ್ಚಿಗಳೆಲ್ಲ ಬಾಡಿಗೆಗೆ ಹೋಗುತ್ತವೆ. ಸಾಗಿಸಲು ಇರುವುದು ಒಂದೇ ಹಳೆಯ ಪಿಕಪ್, ಓಡಿಸಲು ಅವನೊಬ್ಬನೇ. ಹಾಗಾಗಿ ಹೆಂಡತಿ ಸುಹೈಲಾ ಡ್ರೈವಿಂಗ್ ಕಲಿತಳು. ಬಿಜೈಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಶರೊನ್ ಕಲಿಸಿದಳು. ಸ್ಕೂಲಿನ ಕಾರು ಸುಹೈಲಾಳಿಗೆ ನೀರು ಕುಡಿದಷ್ಟು ಸಲೀಸು. ಲೈಸೆನ್ಸೂ ಬಂತು.

ಮನೆಯ ಪಿಕಪ್ ಮಾತ್ರ ಅವಳ ಮಾತು ಕೇಳಲಿಲ್ಲ. ನೇರ ಹೋಗೆಂದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತಿತ್ತು. ಕೊಡಿಯಾಲ್‌ಬೈಲಿನಲ್ಲಿ ಚಕ್ರ ಒಂದು ಹೊಂಡಕ್ಕೆ ಬಿದ್ದದ್ದೇ ತಡ, ಗಾಡಿ ಪಕ್ಕದ ಬಸ್ಸಿನ ಕಡೆಗೆ ನುಗ್ಗಿತು. ಇಮ್ತಿಯಾಝ್ ಕೈ ಚಾಚಿ ಸ್ಟೇರಿಂಗ್ ಎಳೆದದ್ದರಿಂದ ಕೂದಲೆಳೆಯಲ್ಲಿ ಪಾರಾದರು. ಅಲ್ಲಿಂದ ಅವನೇ ಓಡಿಸಿದ. ಇಬ್ಬರ ನಡುವೆ ಕೂತಿದ್ದ ಪುಟ್ಟ ಮಗಳು ನಜ್ಲಾ ಮನೆ ಮುಟ್ಟುವ ತನಕ ಉಮ್ಮನ ತೋಳು ಬಿಡಲಿಲ್ಲ.

ಇಮ್ತಿಯಾಝ್ ಬೈಯಲಿಲ್ಲ. ಎಲ್ಲರಿಗೂ ಗಾಡಿ ಕೈಗೆ ಬರುವುದಿಲ್ಲ, ಬೇಜಾರು ಮಾಡಬೇಡ ಎಂದ. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅಂದಿನಿಂದ ಅವಳು ಸ್ಟೇರಿಂಗ್ ಮುಟ್ಟಲಿಲ್ಲ.

ಕೆಲವು ದಿನಗಳ ಬಳಿಕ ಶರೊನ್ ತಂಗಿಯ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ ಪಾತ್ರೆ ಕೇಳಲು ಅಂಗಡಿಗೆ ಬಂದಳು. ಸುಹೈಲಾ ಗಾಡಿ ಬಿಟ್ಟ ಸಂಗತಿ ಕೇಳಿ ಅವಳಿಗೆ ನಂಬಿಕೆಯೇ ಬರಲಿಲ್ಲ. ಕೀಲಿ ಇಸಿದುಕೊಂಡು ತಾನೇ ಪಿಕಪ್ ಹತ್ತಿ, ರಸ್ತೆಯ ತುದಿಯ ತನಕ ಹೋಗಿ ಬಂದಳು. ಇಳಿಯುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

“ದೋಷ ನಿನ್ನ ಕೈಯಲ್ಲಿ ಅಲ್ಲ ಸುಹೈಲಾ, ಗಾಡಿಯಲ್ಲಿ ಉಂಟು,” ಎಂದಳು. “ಸ್ಟೇರಿಂಗ್ ಇಷ್ಟು ತಿರುಗಿಸಿದರೂ ಚಕ್ರಕ್ಕೆ ಗೊತ್ತೇ ಆಗುವುದಿಲ್ಲ.”

ಇಮ್ತಿಯಾಝ್ ಒಪ್ಪಲಿಲ್ಲ. “ಎಂತ ಮಾರಾಯ್ತಿ, ಹಳೆ ಗಾಡಿ ಅಂದ ಮೇಲೆ ಸ್ಟೇರಿಂಗ್ ಸ್ವಲ್ಪ ಸಡಿಲ ಇರ್ತದೆ. ನಾನು ಇಷ್ಟು ವರ್ಷ ಇದರಲ್ಲೇ ಊರಿಡೀ ತಿರುಗಿದ್ದೇನೆ. ನನಗೆ ಎಂತ ಆಗಿದೆ?”

ಶರೊನ್ ವಾದಕ್ಕಿಳಿಯಲಿಲ್ಲ. ತನ್ನ ಸ್ಕೂಲಿನ ಕಾರುಗಳನ್ನು ನೋಡಿಕೊಳ್ಳುವ ಕಜೆಟನ್‌ರ ಗ್ಯಾರೇಜಿಗೆ ಒಮ್ಮೆ ತೋರಿಸಿ, ಅವರು ಸರಿ ಇದೆ ಎಂದರೆ ತಾನು ಮತ್ತೆ ಈ ಮಾತೆತ್ತುವುದಿಲ್ಲ ಎಂದಳಷ್ಟೆ. ಅವಳ ಮಾತು ಸುಳ್ಳು ಮಾಡುವುದಕ್ಕೆಂದೇ ಇಮ್ತಿಯಾಝ್ ಹೊರಟ. ಸುಹೈಲಾಳೂ ಜೊತೆಗೆ ಹೋದಳು.

ಕಜೆಟನ್ ಜಾಕ್ ಕೊಟ್ಟು ಗಾಡಿಯ ಮುಂಭಾಗವನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿದರು. ಚಕ್ರದ ಎಡಬಲ ಹಿಡಿದು ಅಲ್ಲಾಡಿಸುವಂತೆ ಇಮ್ತಿಯಾಝ್‌ಗೇ ಹೇಳಿದರು. ಅಲ್ಲಾಡಿಸಿದಾಗ ಒಳಗೆಲ್ಲೋ ಟಕ್ ಟಕ್ ಎಂದಿತು. ಬಳಿಕ ಅವನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಅಡಿಯಲ್ಲಿ ಟಾರ್ಚ್ ಹಾಕಿ ಸುಹೈಲಾಳನ್ನು ಕರೆದರು.

ಅವಳು ಬಗ್ಗಿ ನೋಡಿದಳು. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವುದು ಟೈ ರಾಡ್ ಎಂಬ ಕಬ್ಬಿಣದ ಸರಳು. ಅದರ ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಉಕ್ಕಿನ ಗುಂಡು, ನಮ್ಮ ಭುಜದ ಕೀಲಿನ ಹಾಗೆ, ಒಂದು ಬಟ್ಟಲಿನೊಳಗೆ ಕೂತಿರುತ್ತದೆ. ಇಮ್ತಿಯಾಝ್ ಸ್ಟೇರಿಂಗ್ ಸ್ವಲ್ಪ ತಿರುಗಿಸಿದ. ಸರಳು ಸರಿಯಿತು, ಗುಂಡು ಬಟ್ಟಲೊಳಗೆ ಹೊರಳಿತು, ಚಕ್ರ ಮಾತ್ರ ಇದ್ದಲ್ಲೇ ಇತ್ತು. ಗುಂಡನ್ನು ಮುಚ್ಚುವ ರಬ್ಬರ್ ಹರಿದು ಗ್ರೀಸೆಲ್ಲ ಹೋಗಿ, ಮಳೆನೀರೂ ಮಣ್ಣೂ ಸೇರಿ ಬಟ್ಟಲು ಸವೆದಿತ್ತು. ಅದನ್ನು ಚಕ್ರಕ್ಕೆ ಬಿಗಿಯುವ ನಟ್ಟನ್ನು ಕಜೆಟನ್ ಮುಟ್ಟಲೇ ಇಲ್ಲ. ಸನ್ನೆಕೋಲು ಕೊಟ್ಟು ಸ್ವಲ್ಪ ಒತ್ತಿದ್ದೇ, ಹಣ್ಣಾದ ಹಲಸಿನಿಂದ ತೊಳೆ ಬಿಡಿಸಿದಂತೆ ಗುಂಡು ಬಟ್ಟಲಿನಿಂದ ಹೊರಗೆ ಬಂತು.

ಇಮ್ತಿಯಾಝ್ ಇಳಿದು ಬಂದು ಅದನ್ನು ನೋಡಿದ.

“ಇದು ರಸ್ತೆಯಲ್ಲಿ ಕಳಚಿದ್ದರೆ ಸ್ಟೇರಿಂಗ್ ನಿನ್ನ ಕೈಯಲ್ಲೇ ಇರ್ತಿತ್ತು,” ಎಂದರು ಕಜೆಟನ್. “ಚಕ್ರ ಮಾತ್ರ ಅದಕ್ಕೆ ಬೇಕಾದ ಕಡೆಗೆ ಹೋಗ್ತಿತ್ತು.”

ಸುಹೈಲಾ ಮೆಲ್ಲಗೆ ಅಲ್‌ಹಮ್ದುಲಿಲ್ಲಾ ಎಂದಳು. ಇಷ್ಟು ಸಣ್ಣ ಗುಂಡು. ಅಷ್ಟೆಲ್ಲ ಪಾತ್ರೆ, ಗಂಡ, ಮಗಳು, ಪಕ್ಕದ ಬಸ್ಸಿನ ಜನ, ಎಲ್ಲರ ಜೀವವನ್ನೂ ಇದು ಹಿಡಿದುಕೊಂಡಿತ್ತಲ್ಲ ಎಂದು ಅವಳಿಗೆ ಅನಿಸಿತು.

ಹಾಗಾದರೆ ಇದೊಂದನ್ನು ಬದಲಾಯಿಸಿ ಎಂದ ಇಮ್ತಿಯಾಝ್. ಕಜೆಟನ್ ಇನ್ನೊಂದು ಬದಿಯದನ್ನೂ ಅಲ್ಲಾಡಿಸಿ ತೋರಿಸಿದರು. ಅದೂ ಅಷ್ಟೇ ಸವೆದಿತ್ತು. ಎರಡೂ ಬದಿಯ ಟೈ ರಾಡ್ ತುದಿ, ಅದರ ಕೆಳಗೆ ಅಂಥದೇ ಗುಂಡಿರುವ ಬಾಲ್ ಜಾಯಿಂಟ್ ಹೊಸತಾದವು. ಅಷ್ಟಕ್ಕೇ ಬಿಡದೆ, ಚಕ್ರಗಳನ್ನು ನೇರಕ್ಕೆ ಹೊಂದಿಸುವ ಅಲೈನ್‌ಮೆಂಟೂ ಮಾಡಿಸಿಯೇ ಅವರು ಗಾಡಿ ಕೊಟ್ಟರು. ಅದಿಲ್ಲದೆ ಹೋದರೆ ಹೊಸ ಟಯರ್ ಕೂಡ ಒಂದೇ ಅಂಚಿನಲ್ಲಿ ಸವೆಯುತ್ತದೆ ಎಂದು ಎಚ್ಚರಿಸಿದರು.

ಮರಳುವಾಗ ಇಮ್ತಿಯಾಝ್ ಓಡಿಸಿದ. ಆಶ್ಚರ್ಯ, ಪಿಕಪ್ ಹಾವಿನ ಹಾಗೆ ಅಂಕುಡೊಂಕಾಗಿ ಹೋಯಿತು. ರಿಪೇರಿಯೇ ಹಾಳಾಯಿತೆಂದು ಗೊಣಗುತ್ತ ಅವನು ಬದಿಗೆ ನಿಲ್ಲಿಸಿದ. ಸುಹೈಲಾ ಅವನ ಕೈಗಳನ್ನೇ ನೋಡುತ್ತಿದ್ದಳು. ರಸ್ತೆ ನೇರ ಇದ್ದರೂ ಅವು ಸುಮ್ಮನಿರಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿದ್ದುತ್ತಲೇ ಇದ್ದವು.

“ನಾನೊಮ್ಮೆ ನೋಡ್ತೇನೆ,” ಎಂದಳು.

ಜಾಗ ಬದಲಾಯಿಸಿದರು. ಅವಳು ಸ್ಟೇರಿಂಗ್ ಮೇಲೆ ಹಗುರವಾಗಿ ಕೈಯಿಟ್ಟಳು. ಗಾಡಿ ದಾರ ಎಳೆದಂತೆ ನೇರ ಹೋಯಿತು. ಹೊಂಡಕ್ಕೆ ಇಳಿದರೂ ದಾರಿ ಬಿಡಲಿಲ್ಲ. ಇಮ್ತಿಯಾಝ್ ಒಮ್ಮೆ ರಸ್ತೆ ನೋಡಿದ, ಒಮ್ಮೆ ತನ್ನ ಅಂಗೈ ನೋಡಿದ.

“ಇಷ್ಟು ವರ್ಷ ಗಾಡಿಯ ಕಾಯಿಲೆಯನ್ನು ನನ್ನ ಕೈ ಮುಚ್ಚಿಡ್ತಾ ಇತ್ತು,” ಎಂದ. “ನಾನು ಅದನ್ನೇ ಡ್ರೈವಿಂಗ್ ಅಂತ ತಿಳ್ಕೊಂಡಿದ್ದೆ. ನಿನಗೆ ಗಾಡಿ ಕೈಗೆ ಬರುವುದಿಲ್ಲ ಅಂದದ್ದು ತಪ್ಪಾಯ್ತು.”

ಸಿಗ್ನಲ್ ಹಸಿರಾಗಿತ್ತು, ಸುಹೈಲಾ ಮುಂದೆ ಹೋದಳು.

ಅಣ್ಣಂದಿರೇ, ಅಕ್ಕಂದಿರೇ, ಗಾಡಿ ಮುಂಭಾಗದ ಸವೆತ ಒಂದೇ ದಿನಕ್ಕೆ ಬರುವುದಿಲ್ಲ. ದಿನಾ ಓಡಿಸುವವರ ಕೈ ಅದಕ್ಕೆ ಒಗ್ಗಿಹೋಗುತ್ತದೆ. ಸ್ಟೇರಿಂಗ್ ಸಡಿಲವಾಗಿದ್ದರೆ, ಹೊಂಡದಲ್ಲಿ ಟಕ್ ಎಂದರೆ, ಟಯರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ತಡಮಾಡಬೇಡಿ. ಏನೂ ಕಾಣದಿದ್ದರೂ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಗಾಡಿಯನ್ನು ಎತ್ತಿಸಿ ನೋಡಿ. ಮೆಕ್ಯಾನಿಕ್ ಚಕ್ರ ಅಲ್ಲಾಡಿಸುವಾಗ ನೀವೂ ಪಕ್ಕದಲ್ಲಿ ನಿಲ್ಲಿ. ನಿಮ್ಮ ಗಾಡಿಗೆ ಹೊಸಬರು ಹತ್ತಿ “ಇದು ಎಳೆಯುತ್ತದೆ” ಎಂದರೆ ನಗಬೇಡಿ. ಈ ವಾರವೇ ಗ್ಯಾರೇಜಿಗೆ ಹೋಗಿ.