ಎಲ್ಲಾ ಹಾಕಿದ್ಯಾ?

ಅಂದು ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಸೆಕೆ ಹುಟ್ಟಿತ್ತು. ಗಾಳಿ ಎಂಬುದು ಎಲ್ಲೋ ಮುನಿಸಿಕೊಂಡು ಕುಳಿತಂತಿತ್ತು, ಒಂದೆಲೆ ಅಲುಗಲಿಲ್ಲ. ಮೇಲಿನ ಮಹಡಿಯ ಆ ಎರಡು ಕೋಣೆಗಳಿಗೂ ಆಕಾಶಕ್ಕೂ ನಡುವೆ ತಾರಸಿಯೊಂದೇ. ಅದೂ ನಿನ್ನೆಯ ಬಿಸಿಲನ್ನು ಹಳೆಯ ಹಗೆಯ ಹಾಗೆ ರಾತ್ರಿಯಿಡೀ ಎದೆಯಲ್ಲಿಟ್ಟುಕೊಂಡು ಕೂತಿತ್ತು.

ಆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ಅಕ್ಕ ಬೇಕರಿಯಲ್ಲಿ ಹಿಟ್ಟು ಕಲಸುವವಳು. ತಮ್ಮ ಗೋದಾಮಿನ ಕಾವಲುಗಾರ. ಇಬ್ಬರ ದುಡಿಮೆಯನ್ನೂ ಮಲಗಿಕೊಂಡೇ ನೋಡುತ್ತಿದ್ದವನು ಸಾಹುಕಾರ. ಚಪ್ಪಟೆ ಮೂಗಿನ, ಮೈತುಂಬ ರೋಮದ, ವಯಸ್ಸಾದ ನಾಯಿ. ದೇವರು ಮೂಕಪ್ರಾಣಿಗೆ ಮಾತು ಕೊಡದಿದ್ದರೂ ಅದರ ಕಷ್ಟ ತಿಳಿಯಲೆಂದು ಮನುಷ್ಯನಿಗೆ ಕಣ್ಣು ಕೊಟ್ಟಿದ್ದಾನೆ ಎನ್ನುತ್ತಿದ್ದಳು ಅಕ್ಕ. ಬೇಸಿಗೆ ಕಾಲಿಟ್ಟಿತೆಂದರೆ ಅವಳದೊಂದು ನೇಮ: ಅಗಲ ಬಾಯಿಯ ಮಣ್ಣಿನ ಪಾತ್ರೆಗೆ ನೀರು, ಬಿಸಿಲ ಕಡೆಯ ಕಿಟಕಿಗೆ ಪರದೆ, ಫ್ಯಾನು, ಬಚ್ಚಲಿನ ತಣ್ಣನೆ ನೆಲದ ಮೇಲೆ ಒದ್ದೆ ಗೋಣಿಚೀಲ. ಬಚ್ಚಲ ಬಾಗಿಲು ತೆರೆದೇ ಇರಬೇಕು. ರಾತ್ರಿಪಾಳಿ ಮುಗಿಸಿದ ತಮ್ಮ ಹಗಲು ಮನೆಯಲ್ಲೇ ಮಲಗುತ್ತಿದ್ದುದರಿಂದ ನಾಯಿ ಒಂಟಿಯಾಗಿದ್ದುದೇ ಇಲ್ಲ.

ಅಂದು ಹಾಗಾಗಲಿಲ್ಲ. ಬೇಕರಿಯಲ್ಲಿ ದೊಡ್ಡ ಕೆಲಸ ಬಂದಿತ್ತೆಂದು ಅಕ್ಕ ಕತ್ತಲಿರುವಾಗಲೇ ಹೋದಳು. ಇತ್ತ ಗೋದಾಮಿನ ಹಗಲ ಕಾವಲಿನವನಿಗೆ ಜ್ವರ. ತಮ್ಮ ಮನೆಗೆ ಬಂದು ಸ್ನಾನ ಮಾಡಿ, ಉಂಡು, ಮತ್ತೆ ಕೆಲಸಕ್ಕೆ ಹೊರಟ. ವಿಷಯ ತಿಳಿದ ಅಕ್ಕ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹಿಟ್ಟಿನ ಯಂತ್ರದ ಗದ್ದಲದಲ್ಲೇ ಕೂಗಿದಳು.

"ಎಲ್ಲಾ ಹಾಕಿದ್ಯೇನೋ?"

"ಎಲ್ಲಾ ಹಾಕಿದೀನಕ್ಕ."

"ಬಚ್ಚಲಲ್ಲಿ?"

"ಬಚ್ಚಲದ್ದೂ ಹಾಕ್ದೆ. ನೀನೇನೂ ಯೋಚ್ನೆ ಮಾಡ್ಬೇಡ."

ಅವಳು ಯೋಚನೆ ಮಾಡಲಿಲ್ಲ.

ಮಧ್ಯಾಹ್ನ ಕೆಳಗಿನಂಗಡಿಯ ಟೈಲರ್ ಮಾವನ ಫೋನು ಬಂತು. "ಬೆಳಿಗ್ಗೆಯಿಂದ ನಿಮ್ಮ ಸಾಹುಕಾರ ಏನೋ ಪರಪರ ಕೆರೀತಿದ್ದ ಕಣಮ್ಮಾ. ಈಗ ಸದ್ದೇ ಇಲ್ಲ."

ಕೈಯ ಹಿಟ್ಟನ್ನೂ ತೊಳೆಯದೆ ಓಡಿದಳು. ಬಾಗಿಲು ತೆಗೆದರೆ ಮುಖಕ್ಕೆ ಬಡಿದ ಆ ಬಿಸಿ ಅವಳಿಗೆ ಗುರುತಿದ್ದದ್ದೇ. ಬೇಕರಿಯ ಒಲೆಯ ಬಾಯಿ ತೆಗೆದಾಗಲೂ ಹಾಗೇ ಬಡಿಯುತ್ತದೆ. ಕಿಟಕಿಗಳಿಗೆಲ್ಲ ಚಿಲಕ. ಮೇನ್ ಸ್ವಿಚ್ ಇಳಿಸಿದೆ. ಫ್ಯಾನು ಸತ್ತು ನೇತಾಡುತ್ತಿದೆ. ಮಣ್ಣಿನ ಪಾತ್ರೆ ಒಣಗಿದೆ. ಬಚ್ಚಲ ಬಾಗಿಲಿಗೂ ಹೊರಗಿನಿಂದ ಚಿಲಕ. ಅದರ ಬುಡದಲ್ಲಿ ಉಗುರಿನ ಗೀರು, ಗೀರಿನ ಕೆಳಗೆ ಸಾಹುಕಾರ. ನಾಲಿಗೆ ನೆಲಕ್ಕೆ ಬಿದ್ದಿತ್ತು. ಹೊಟ್ಟೆ ಮಾತ್ರ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

ಅವಳು ಕಿಟಕಿ ತೆರೆದಳು, ಮೇನ್ ಸ್ವಿಚ್ ಏರಿಸಿ ಫ್ಯಾನು ಹಾಕಿದಳು, ನಾಯಿಯನ್ನು ಬಚ್ಚಲಿಗೆ ಎಳೆದು ಹೊಟ್ಟೆಗೆ, ತೊಡೆಸಂದಿಗೆ, ಪಾದಗಳಿಗೆ ನೀರು ಸುರಿದಳು. ಏದುಸಿರು ಬಿಡುತ್ತ ಬಕೆಟ್ಟು ಹೊತ್ತು ತಂದ ಟೈಲರ್ ಮಾವನ ಮೇಲೂ ಕೆಂಡ ಕಾರಿದಳು. "ಬೆಳಿಗ್ಗೆಯಿಂದ ಕೆರೀತಿತ್ತು ಅಂತೀರಲ್ಲ, ಕಿವಿಗೇನು ಹತ್ತಿ ಇಟ್ಕೊಂಡಿದ್ರಾ?"

"ಸಾಹುಕಾರರು ಬಾಗಿಲು ಬಡಿಯೋದು ವಾಡಿಕೆ ಅಲ್ವಾ ತಾಯಿ, ಅಂದ್ಕೊಂಡೆ..." ಎಂದ ಮಾವ, ಅವಳ ಮುಖ ನೋಡಿ ಇನ್ನೊಂದು ಬಕೆಟ್ಟಿಗೆ ಓಡಿದ.

ಪಶುವೈದ್ಯೆ ಬಂದು ಸೂಜಿ ಚುಚ್ಚಿ, "ಐಸ್ ಹಾಕದೆ ಬರೀ ನೀರು ಹಾಕಿದ್ದು ಒಳ್ಳೇದಾಯ್ತು. ಉಳ್ಕೋತಾನೆ. ಇನ್ನೊಂದಿಷ್ಟು ಹೊತ್ತು ಹೋಗಿದ್ರೆ ನಾನು ಬಂದೂ ಪ್ರಯೋಜನ ಇರ್ಲಿಲ್ಲ" ಎಂದಳು. ಅಕ್ಕ ದೇವರಿಗೆ ಕೈ ಮುಗಿದಳು. ಮುಗಿದ ಕೈ ಬಿಡಿಸುವಷ್ಟರಲ್ಲಿ ಮತ್ತೆ ಮುಷ್ಟಿಯಾಗಿತ್ತು.

ಸಂಜೆ ತಮ್ಮ ಮೆಟ್ಟಿಲು ಹತ್ತಿ ಬಂದ. ಚಪ್ಪಲಿ ಬಿಡಲೂ ಅವಳು ಬಿಡಲಿಲ್ಲ.

"ಹಾಕಿದೀನಿ ಅಂದ್ಯಲ್ಲೋ!"

ಒದ್ದೆ ಬಟ್ಟೆಯ ಮೇಲೆ ಬಿದ್ದಿದ್ದ ನಾಯಿಯನ್ನು ಕಂಡು ಅವನ ಬಣ್ಣ ಇಳಿಯಿತು. "ಹಾಕಿದ್ನಲ್ಲಕ್ಕ..."

"ಸುಳ್ಳು ಬೇರೆ! ಏನು ಹಾಕ್ದೆ? ನೀರು ಹಾಕಿದ್ಯಾ? ಫ್ಯಾನ್ ಹಾಕಿದ್ಯಾ? ಆ ಮೂಕಪ್ರಾಣಿ ಬಾಯಿಗೆ ಮಣ್ಣು ಹಾಕಿ ಹೋದ್ಯಲ್ಲೋ!"

"ಅಕ್ಕ, ಒಂದು ಮಾತು ಕೇಳು..."

"ಕೇಳಿದ್ದಾಯ್ತು. ಮೂಟೆ ಕಾಯೋನಿಗೆ ಜೀವ ಕಾಯೋದು ಏನು ಗೊತ್ತು? ಇಡು ಇಲ್ಲಿ ಮನೆ ಕೀ."

ಅವನು ಜೇಬಿನಿಂದ ಬೀಗದ ಕೈ ತೆಗೆದು ನೆಲದ ಮೇಲಿಟ್ಟ, ಬಗ್ಗಿ ಸಾಹುಕಾರನ ತಲೆ ಮುಟ್ಟಿದ, ಇಳಿದು ಹೋದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಕೇಳಿದ್ದಾರೆ. ಅವಳಿಗೆ ಅಂದು ಶಾಂತವಾಗುವ ಮನಸ್ಸೇ ಇರಲಿಲ್ಲ. ರಾತ್ರಿ ಊಟಕ್ಕೆ ಅವನು ಬರಲಿಲ್ಲ. ಬರದಿದ್ದದ್ದಕ್ಕೂ ಸಿಟ್ಟಾದಳು.

ಮರುದಿನ ಸಾಹುಕಾರನನ್ನು ಟೈಲರ್ ಮಾವನ ಅಂಗಡಿಯ ಮೇಜಿನ ಕೆಳಗೆ ಬಿಟ್ಟು ಕೆಲಸಕ್ಕೆ ಹೋದಳು. ದಿನವಿಡೀ ಹಿಟ್ಟನ್ನು ನಾದಲಿಲ್ಲ, ಗುದ್ದಿದಳು. ಸಂಜೆ ಮಾಲೀಕ ಮನೆಗೆ ಹೊರಟು ಬೀದಿಯಿಂದಲೇ ಕೂಗಿದ.

"ಎಲ್ಲಾ ಹಾಕಿದ್ಯೇನಮ್ಮ?"

ಮೊಣಕೈವರೆಗೆ ನಾಳೆಯ ಹಿಟ್ಟಿನಲ್ಲಿದ್ದ ಅವಳು ತಲೆಯೆತ್ತದೆ ಹೇಳಿದಳು. "ಎಲ್ಲಾ ಹಾಕಿದೀನಣ್ಣ." ಉಪ್ಪು, ಸಕ್ಕರೆ, ಈಸ್ಟು, ಎಣ್ಣೆ, ಎಲ್ಲವನ್ನೂ ಹಾಕಿದ್ದಳು.

ಮಾಲೀಕ ಹಿಂದಿನಿಂದ ಸುತ್ತಿ ಬಂದು ಒಳಗೆ ನುಗ್ಗಿದ. "ಹಾಕಿದೀನಿ ಅಂತೀಯ, ಹಿಂದಿನ ಬಾಗಿಲು ಹಾರು ಹೊಡೆದಿದೆ! ಬೆಕ್ಕಿಗೆ ಔತಣ ಇಟ್ಟಿದ್ದೀಯಾ? ಸುಳ್ಳು ಹೇಳೋದು ಯಾವಾಗ ಕಲಿತೆ?"

"ಸುಳ್ಳಲ್ಲಣ್ಣ, ನಾನು ಹಿಟ್ಟಿಗೆ..."

ಮಾತು ಅಲ್ಲೇ ನಿಂತಿತು. ಕೈಯೂ ನಿಂತಿತು.

ಹಿಟ್ಟಿನವಳ ಬಾಯಲ್ಲಿ ಹಾಕುವುದೆಂದರೆ ಬೆರೆಸುವುದು, ಸುರಿಯುವುದು, ಇಡುವುದು. ಕಾವಲುಗಾರನ ಕಿವಿಯಲ್ಲಿ? ಬಾಗಿಲು ಹಾಕುವುದು. ಚಿಲಕ ಹಾಕುವುದು. ಬೀಗ ಹಾಕುವುದು. ದಿನಾ ಅವನ ಮೇಲಿನವನು ಇದೇ ಮಾತು ಕೇಳುತ್ತಾನೆ, ಇವನು ಬೀಗಗಳನ್ನೆಲ್ಲ ಜಗ್ಗಿ ನೋಡಿ, ಮೇನ್ ಸ್ವಿಚ್ ಇಳಿಸಿ ಇದೇ ಉತ್ತರ ಕೊಡುತ್ತಾನೆ. ಬಚ್ಚಲದ್ದೂ ಹಾಕ್ದೆ ಎಂದಿದ್ದ. ನಿಷ್ಠೆಯಿಂದಲೇ ಹಾಕಿದ್ದ. ನಿದ್ದೆಗೆಟ್ಟ ಕಣ್ಣಿಗೆ ಒಣ ಪಾತ್ರೆ ಕಾಣದೇ ಹೋದದ್ದು ಅವನ ತಪ್ಪು, ಅದನ್ನವಳು ಬಿಡುವವಳಲ್ಲ. ಆದರೆ ಸುಳ್ಳು ಅಂದಳಲ್ಲ, ಮೂಟೆ ಕಾಯೋನು ಅಂದಳಲ್ಲ?

"ನನ್ನ ನಾಲಿಗೆಗೆ ಬೆಂಕಿ ಬೀಳ," ಎಂದಳು, ಮಾಲೀಕ ಬೆಚ್ಚಿಬೀಳುವಷ್ಟು ಜೋರಾಗಿ. ಹಿಂದಿನ ಬಾಗಿಲನ್ನು ದಡಾರನೆ ಹಾಕಿ, ಕೆಲಸ ಮುಗಿಸಿ ಹೊರಬಿದ್ದಳು. ದಾರಿಯುದ್ದಕ್ಕೂ ಸಿಟ್ಟು ಅವಳ ಜೊತೆಗೇ ನಡೆಯಿತು. ಆದರೆ ಈಗ ಅದಕ್ಕೆ ಬೈಯಲು ಬೇರೆ ಯಾರೂ ಇರಲಿಲ್ಲ.

ತಮ್ಮ ಗೋದಾಮಿನ ಗೇಟಿನ ಬಳಿ ಸ್ಟೂಲಿನ ಮೇಲಿದ್ದ. ಅವಳನ್ನು ಕಂಡರೂ ಏಳಲಿಲ್ಲ.

"ಮೂಟೆ ಕಾಯೋನ ಹತ್ರ ಏನು ಕೆಲಸ?"

ಅವಳು ಗೇಟಿಗೊರಗಿ ನಿಂತಳು. ಅವನೇ, ಬೇರೆಲ್ಲೋ ನೋಡುತ್ತ ಕೇಳಿದ. "ಸಾಹುಕಾರ?"

"ಟೈಲರ್ ಮಾವನ ಮೇಜಿನ ಕೆಳಗೆ ಬಿದ್ಕೊಂಡು ಬಡ್ಡಿ ಎಣಿಸ್ತಿದ್ದಾನೆ."

ಅವನು ನಗಲಿಲ್ಲ. ಕಣ್ಣುಜ್ಜಿಕೊಂಡ.

ಅವಳು ಸೆರಗಿನ ಗಂಟು ಬಿಚ್ಚಿ, ಮನೆಯ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. ಅದರ ಹಲ್ಲುಗಳಲ್ಲಿ ಹಿಟ್ಟು ಅಂಟಿಕೊಂಡಿತ್ತು.