ಮೇಲಿನ ಕೋಣೆ

ಮಂಚ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲಿನಿಂದ ಮಗಳು ತಳ್ಳಿದಳು, ಕೆಳಗಿನಿಂದ ಟೈಲರ್ ಎಳೆದ. ಒಂದಿಂಚೂ ಕದಲಲಿಲ್ಲ.

"ಪಕ್ಕದ ಮನೆಯಿಂದ ಒಂದು ಮಂಚ ತರೋಣ ಅಪ್ಪಾ. ಅಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡು ಬರೋ ಹೊತ್ತಾಯ್ತು."

"ಬೇಡ. ಅವಳ ಮಂಚದ ಮೇಲೇ ಮಲಗಿಸ್ಬೇಕು."

ಅವನ ಹೆಂಡತಿ ನರ್ಸ್. ಹಿಂದಿನ ದಿನ ಡ್ಯೂಟಿ ಮುಗಿಸಿ ಬಟ್ಟೆ ಬದಲಾಯಿಸುವಾಗ ಆಸ್ಪತ್ರೆಯಲ್ಲೇ ಕುಸಿದು ಪ್ರಾಣ ಬಿಟ್ಟಿದ್ದಳು. ಕೊರೊನಾ ಕಾಲದಲ್ಲಿ ಮನೆಯವರಿಗೆ ತಗಲದಿರಲೆಂದು ಮಹಡಿಯ ಕೋಣೆ ಸೇರಿದ್ದಳು. ಊರೆಲ್ಲ ಮಾಸ್ಕ್ ಮರೆತ ಮೇಲೂ ಹಾಸಿಗೆ ಕೆಳಗಿಳಿಸಿರಲಿಲ್ಲ. ಅಡುಗೆ ಮಾಡುತ್ತಿದ್ದಳು, ತಮಾಷೆಗೆ ನಗುತ್ತಿದ್ದಳು, ಮಗಳ ಮದುವೆಯನ್ನೂ ಮುಂದೆ ನಿಂತು ಮಾಡಿದಳು. ಆದರೆ ಯಾರಾದರೂ ಕೈ ಹಿಡಿದರೆ ಬೆಂಕಿ ತಾಗಿದಂತೆ ಎಳೆದುಕೊಳ್ಳುವಳು. ಊಟವಾದೊಡನೆ ಮೆಟ್ಟಿಲು ಹತ್ತಿ ಚಿಲಕ ಹಾಕಿಕೊಳ್ಳುವಳು.

*

ಒಮ್ಮೆ ಆ ಬಾಗಿಲ ಹೊರಗೆ ಕೂತು ಅವನು ಕೇಳಿದ್ದ. "ನನ್ನಿಂದ ಏನಾದ್ರೂ ತಪ್ಪಾಯ್ತೇನೇ?"

"ನಿಮ್ಮಿಂದ ಏನಿಲ್ಲ ಕಣ್ರೀ."

"ಹಾಗಾದ್ರೆ ಆ ಕೆಲಸ ಬಿಟ್ಬಿಡು. ನನ್ನ ಹೊಲಿಗೆ ಇದೆಯಲ್ಲ, ಹೇಗೋ ನಡೆಯುತ್ತೆ."

"ಬಿಟ್ಟು ಎಲ್ಲಿಗೆ ಹೋಗ್ಲಿ? ನಾನು ಹೋಗ್ತಾ ಇದ್ರೆ ಅದು ವಾರ್ಡಲ್ಲೇ ಇರುತ್ತೆ. ಬಿಟ್ರೆ ಮನೆಗೇ ಬರುತ್ತೆ."

ಏನು ಬರುತ್ತೆ ಎಂದು ಕೇಳುವ ಧೈರ್ಯವಾಗಲಿಲ್ಲ. "ನಿನಗೆ ಆಸ್ಪತ್ರೆಯೇ ಗಂಡ" ಎಂದು ಗೊಣಗಿ ಇಳಿದುಬಂದ. ಆಮೇಲೆ ಕೇಳುವುದನ್ನೇ ಬಿಟ್ಟ.

*

ಕಾಲು ಕಳಚಿದ ಮೇಲೇ ಮಂಚ ಇಳಿಯಿತು. ಅವಳನ್ನು ತಂದು ಮಲಗಿಸಿದರು. ಜೊತೆಗೆ ಬಂದವಳು ಅದೇ ವಾರ್ಡಿನ ಕಿರಿಯ ನರ್ಸ್. ಹೆಂಡತಿ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದಳು.

"ಮದುವೆ ದಿನವೂ ಒಂದ್ಸಲ ನನ್ನ ತಬ್ಕೊಳ್ಳಲಿಲ್ಲ," ಮಗಳು ಬಿಕ್ಕಿದಳು. "ಅಷ್ಟು ಕಲ್ಲುಮನಸ್ಸು."

"ಹಾಗನ್ನಬೇಡಮ್ಮಾ." ಪುಟ್ಟಿ ಟೈಲರನತ್ತ ತಿರುಗಿದಳು. "ಭಾವ, ಅಕ್ಕ ನಿಮಗೂ ಹೇಳಲಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಕೊರೊನಾ ಟೈಮಲ್ಲಿ, ಇಡೀ ವಾರ್ಡಿಗೆ ನಾವಿಬ್ಬರೇ ಇದ್ದ ದಿನ. ಇವಳ ವಯಸ್ಸಿನ ಹುಡುಗಿಯೊಬ್ಬಳು ಅಕ್ಕನ ಕೈ ಗಟ್ಟಿಯಾಗಿ ಹಿಡ್ಕೊಂಡು, ಬಿಟ್ಟು ಹೋಗ್ಬೇಡಿ ಅಂತಿದ್ಲು. ಆ ಕಡೆ ಒಬ್ಬ ಅಜ್ಜನಿಗೆ ಉಸಿರು ನಿಲ್ತಾ ಬಂತು. ನಾನು ಕೂಗಿದೆ. ಅಕ್ಕ ಆ ಬೆರಳುಗಳನ್ನ ಒಂದೊಂದಾಗಿ ಬಿಡಿಸ್ಕೊಂಡು ಬಂದ್ರು. ಅಜ್ಜ ಉಳಿದ್ರು. ವಾಪಸ್ ಹೋಗೋ ಹೊತ್ತಿಗೆ ಆ ಹುಡುಗಿ ಇರಲಿಲ್ಲ."

ಮಗಳು ಮೆಲ್ಲಗೆ ತಾಯಿಯ ಕೈ ಹಿಡಿದಳು. ಈ ಸಲ ಕೈ ಹಿಂದೆ ಸರಿಯಲಿಲ್ಲ.

"ನೀನು ಹೇಗಿದ್ದೀಯಮ್ಮಾ?" ಟೈಲರ್ ಕೇಳಿದ.

ಪುಟ್ಟಿ ತಬ್ಬಿಬ್ಬಾದಳು. "ಮಧ್ಯಾಹ್ನ ಡ್ಯೂಟಿ ಇದೆ ಭಾವ. ಅಕ್ಕನ ಜಾಗಕ್ಕೆ ನನ್ನನ್ನೇ ಹಾಕಿದ್ದಾರೆ," ಎಂದು ಎದ್ದು ಒಳಗೆ ಹೋದಳು.

ಗಾಡಿ ಬಂತು. ನಾಲ್ಕು ಜನ ಹೆಗಲು ಕೊಟ್ಟರು. ಹೊರಡುವಾಗ ಪುಟ್ಟಿ ಕಾಣಲಿಲ್ಲ. ಬಚ್ಚಲಲ್ಲಿ ನೀರು ಸುರಿಯುತ್ತಲೇ ಇತ್ತು. ಟೈಲರ್ ಒಳಗೆ ಹೋದ. ಅವಳು ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಬೆರಳ ಸಂದುಗಳೆಲ್ಲ ಕೆಂಪಾಗಿದ್ದವು.

"ಸಾಕಮ್ಮಾ."

"ಇನ್ನೊಂದೇ ಸಲ ಭಾವ."

ಅವನು ನಲ್ಲಿ ನಿಲ್ಲಿಸಿದ. ಹೆಗಲ ಟವೆಲು ತೆಗೆದು ಅವಳ ಎರಡೂ ಕೈಗಳನ್ನು ಸುತ್ತಿ ಹಿಡಿದುಕೊಂಡ. ಅವಳು ಎಳೆದುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ. ಹೊರಗೆ ಗಾಡಿಯವನು ಮತ್ತೊಮ್ಮೆ ಹಾರ್ನ್ ಹೊಡೆದ.