ಬುಕ್ಕಿನಾಗಿನ ಚಂದ್ರಭಾಗಾ

ಬಸ್ಸಿನ ಸಪ್ಪಳ — ಅಲ್ಲ, ಅದು ಹಿಟ್ಟಿನ ಗಿರಣಿ, ಬೀದರದ ಬಸ್ಸು ಇನ್ನಾ ಬಂದಿಲ್ಲ, ಬರೂದೂ ಬ್ಯಾಡ, ನಡುದಾರ್ಯಾಗೇ ಕೆಟ್ಟು ನಿಂದ್ರಲಿ ದೇವ್ರೇ, ಮೊರದಾಗ ತೊಗರಿಬ್ಯಾಳಿ ಹಾಕ್ಕೊಂಡು ಕೂತೀನಿ, ಹಳ್ಳು ಬಿಟ್ಟು ಬ್ಯಾಳಿನೇ ಚೆಲ್ಲಲತ್ತೀನಿ, ಅತ್ತಿ, ಬಿಸಲು ಬಂತು ಒಳಗ ಬರ್ರಿ ಅಂತಾಳ ಸೊಸಿ, ಬರ್ತೇನಿ ಹೋಗು. ಬಾಜೂಕ ಆ ಬುಕ್ಕು, ಜ್ಞಾನೇಶ್ವರ ಮಾಸ್ತರ ಪೋಲೀಸ್ ಆಕ್ಷನ್ ಮ್ಯಾಲ ಬರದದ್ದು, ಎರಡು ವರ್ಷದ ಹಿಂದ ಭಾಲ್ಕಿಯಿಂದ ಟೇಪು ತಗೊಂಡು ಬಂದಿದ್ದ, ಆಯೀ, ಆ ಕಾಲದ್ದು ಹೇಳ್ರಿ ಅಂತ. ಫೌಜು ಯಾವ ರಸ್ತಾ ಹಿಡದು ಬಂತು, ಟ್ಯಾಂಕು ಎಷ್ಟು, ಐದೇ ದಿನದಾಗ ನಿಜಾಮನ ಸರ್ಕಾರ ಹ್ಯಾಂಗ ಸೋತಿತು, ನಕಾಶಿ ಸುದ್ದಾ ಅದ, ಎಲ್ಲಾ ಸೊಸಿ ಓದಿ ಹೇಳ್ಯಾಳ, ನಡುವ ನಂದೊಂದು ಫೋಟೋ, ಅದರ ಕೆಳಗ, ಸಂತಪುರದ ಚಂದ್ರಭಾಗಾ, ನೆರೆಮನೆಯ ಅಕ್ತರಬೀಗೆ ಸೀರೆ ಉಡಿಸಿ, ಬಂಡಿ ಹತ್ತಿಸಿ ಪ್ರಾಣ ಉಳಿಸಿದ ದಿಟ್ಟ ಮಹಿಳೆ. ದಿಟ್ಟ ಅಂತ, ಥೂ. ಸೀರಿ ಉಡಿಸಿದ್ದು ಖರೇ, ಬಂಡಿ ಎಲ್ಲಿತ್ತು? ಟೇಪಿನ ಮುಂದ ನಾನೇ ಹುಟ್ಟಿಸಿ ಹೇಳಿದ್ದು. ಶಾಲು ಹೊದಿಸಿದ್ರು, ಹೊದಿಸ್ಕೊಂಡೆ. ಈಗ ಈ ಕಾರ್ಡು — ನಾನು ಕುಬರಾ, ಅಕ್ತರಬೀ ಮಗಳು, ಮೂರು ವರ್ಷದಾಕಿ ಇದ್ದೆ, ನಾನಿ ಹತ್ರ ಬೀದರದಾಗ ಬಿಟ್ಟಿದ್ರು, ಅಮ್ಮಿ ಉಳದು ಹೋದಳಂತ ಬುಕ್ಕಿನಾಗ ಓದ್ದೆ, ಬಂಡಿ ಯಾವ ಕಡಿ ಹೋಯ್ತು ಖಾಲಾ, ಬೇಸ್ತವಾರ ಬರ್ತೇನಿ. ಇವತ್ತೇ ಬೇಸ್ತವಾರ. ಮೂವತ್ತೇಳು ವರ್ಷ ಆದ್ಮ್ಯಾಲ ನನ್ನ ಸುಳ್ಳು ಹಿಡ್ಕೊಂಡು ತಾಯಿನ್ನ ಹುಡುಕ್ಲತ್ಯಾಳ, ಕಣ್ಣು ಮುಚ್ಚಿದ್ರ ನನಗ ಆ ಕೈ, ಆ ಬರೀ ಕೈ.

ಬಳಿ ಮಾರಾಕಿ ಅಕ್ತರಬೀ, ನನ್ನ ಲಗ್ನಕ್ಕೂ ಅಕಿನೇ ಇಟ್ಟದ್ದು, ಕೈ ಒತ್ತಿ ಒತ್ತಿ ಮೆತ್ತಗ ಮಾಡಿ, ಮುಷ್ಟಿ ಬಿಡು ಚಂದ್ರೀ, ಕಟ್ಟಿಗಿ ಕೈ ನಿಂದು ಅಂತ ನಗ್ತಿದ್ಲು, ನನ್ನ ಮುಂಗೈ ಮ್ಯಾಲಿನ ಹಚ್ಚಿಬೊಟ್ಟು ಸವರಿ ಛಂದ ಚುಚ್ಯಾರ ಅಂತಿದ್ಲು, ನಾನೂ ನನ್ನ ಕೈನೇ ನೋಡ್ಕೋತ ಕೂಡ್ತಿದ್ದೆ, ಅಕಿ ಕೈ ಒಂದಿನಾನೂ ನೋಡ್ಲಿಲ್ಲ. ನಿಜಾಮನ ಕಡಿ ರಜಾಕಾರರು ನಮ್ಮ ಕುರಿ ಹೊಡ್ಕೊಂಡು ಹೋದ ದಿನ ನಮ್ಮ ಮಾವನ್ನ ತನ್ನ ಮನ್ಯಾಗ ಮುಚ್ಚಿಟ್ಟಾಕಿನೂ ಅಕಿನೇ. ಫೌಜು ಬಂತು, ರಜಾಕಾರರು ಓಡಿದ್ರು, ಅವರ ಮ್ಯಾಲಿನ ಸಿಟ್ಟು ಊರಾಗಿನ ಮುಸಲ್ಮಾನರ ಮ್ಯಾಲ ತೀರಿಸ್ಲಿಕ್ಕ ಹೊರಗಿನ ಗಂಡಸರು ಬಂದ್ರು, ಅಕಿ ಗಂಡ ಫಕ್ರೋದ್ದೀನನ್ನ ಮುಂಜಾನೇನೇ ಹೊಡದು ಹಾಕಿದ್ರು, ಅಕಿನ್ನ ಒಳಗ ಎಳ್ಕೊಂಡೆ, ನನ್ನ ಲಗ್ನದ ಸೀರಿ ಉಡಿಸ್ದೆ, ಕುಂಕುಮ ಇಟ್ಟೆ, ತಾಳಿ ಕಟ್ಟಿದೆ, ಅಕಿ ಬುಟ್ಟ್ಯಾಗಿನ ಹಸರು ಬಳಿ ಅಕಿ ಕೈಗೇ ಏರಿಸ್ದೆ, ಎರಡು ಒಡದ್ವು, ಆ ಹೊತ್ತಿನಾಗೂ ನಕ್ಕಳು ಹುಚ್ಚಿ, ನಿನಗ ಬರೂದಿಲ್ಲ ಬಿಡು ಚಂದ್ರೀ. ಊರು ದಾಟಿಸ್ಲಿಕ್ಕ ಕರ್ಕೊಂಡು ಹೊಂಟಾಗ ಬಾವಿ ಹತ್ರ ಹಿಡದ್ರು. ಯಾರಾಕಿ? ನನ್ನ ತಂಗಿರಿ, ಔರಾದದಾಕಿ. ಒಬ್ಬಂವ ಅಕಿ ಕೈ ಹಿಡದು ಮ್ಯಾಲ ಎತ್ತಿದ. ನಮ್ಮ ಹೆಣ್ಣಮಕ್ಕಳಿಗೆ ಹತ್ತು ತುಂಬೂದ್ರಾಗೇ ಚುಚ್ಚಿಸ್ತಾರ, ಅವರಲ್ಲಿ ಅದಿಲ್ಲ, ನನಗ ಹಣಿ ನೆನಪಾತು, ಕೊಳ್ಳು ನೆನಪಾತು, ಕೈ ನೆನಪಾಗ್ಲಿಲ್ಲ. ಹಚ್ಚಿಬೊಟ್ಟಿಲ್ಲದ ತಂಗಿ ಎಲ್ಲಿಂದ ಬಂದಳು ನಿನಗ ಅಂದ. ಸಾಲಿ ಕಲ್ತಾಕಿರಿ, ಚುಚ್ಚಿಸ್ಕೊಳ್ಳಿಲ್ಲ ಅನ್ನಬಹುದಿತ್ತು, ಈಗ ನೂರು ಮಾತು ಹೊಳೀತಾವ, ಅವತ್ತು ಈ ಸುಟ್ಟ ಬಾಯಾಗಿಂದ ಬಂದದ್ದು ಒಂದೇ, ನನಗ ಗೊತ್ತಿಲ್ಲರಿ, ಯಾರಾಕಿನೋ. ಅಕಿ ನನ್ನ ಕಡಿ ನೋಡಿದ್ಲು, ನಾನು ತಲಿ ತೆಗ್ಗಿಸ್ದೆ, ಬಾವಿ ಕಲ್ಲಿಗೆ ಬಳಿ ಬಡದ ಸಪ್ಪಳ, ಆಮ್ಯಾಲ ನೀರಿಂದು.

ಬಸ್ಸು ನಿಂತಿತು, ಖರೇನೇ ಬಸ್ಸು. ಉದಗೀರ ಕಡಿ ಹೋಯ್ತು ಅಂದ್ರ ಉದಗೀರದಾಗ ಹುಡುಕ್ತಾಳ, ಹೈದರಾಬಾದ ಅಂದ್ರ ಅಲ್ಲಿ, ಸಾಯೂತನಕ ಹುಡುಕ್ತಾಳ, ಬಾವಿ ಅಂದ್ರ — ಅತ್ತಿ, ಯಾರೋ ಬಂದಾರ ನೋಡ್ರಿ. ಅಯ್ಯೋ ಅದೇ ನಗಿ, ಖಾಲಾ ಅಂತ ಕಾಲ ಹತ್ರ ಕೂತಳು, ನಾನೂ ಬಳಿ ಮಾರಾಕಿನೇ ಖಾಲಾ, ನಿಮಗಂತ ಹಸರು ತಂದೀನಿ, ಅಮ್ಮಿನ್ನ ಉಳಿಸಿದ ಕೈ ಕೊಡ್ರಿ, ಒತ್ತಲತ್ಯಾಳ, ಮುಷ್ಟಿ ಬಿಡ್ರಿ ಅಂತಾಳ, ಈ ಸಲ ನನ್ನ ಕೈ ನೋಡ್ಲಿಲ್ಲ, ಅಕಿದು ನೋಡ್ದೆ, ಬಂಡಿ ಇರ್ಲಿಲ್ಲವ್ವಾ ಅಂದೆ, ಬಂಡಿ ಇರ್ಲೇ ಇಲ್ಲ, ಒತ್ತೂದು ನಿಂತಿತು, ಬಿಡ್ಲೂ ಇಲ್ಲ, ನನ್ನ ಹಚ್ಚಿಬೊಟ್ಟಿನ ಮ್ಯಾಲ ಹಂಗೇ ಇಟ್ಟ ಆ ಕೈ, ಒಂದು ಬೊಟ್ಟೂ ಇಲ್ಲದ ಆ ಬರೀ ಕೈ